ಕೊರಳಲ್ಲೊಂದು ಮೋಟು ಸುತ್ತಿಗೆ

ಕಾಸಿನ ಸರವನ್ನು ಪೆಟ್ಟಿಗೆಯೊಳಗಿಟ್ಟು, ಐವತ್ತೆರಡರ ಈ ವಯಸ್ಸಿನಲ್ಲಿ ನಾನು ಒಂದು ತಿಂಗಳು ಕೊರಳಿಗೆ ಸುತ್ತಿಗೆಯನ್ನು ಕಟ್ಟಿಕೊಂಡು ತಿರುಗಿದೆನೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಹೆಬ್ಬೆರಳಿನ ಉಗುರಿನಷ್ಟಗಲದ ಬೆಳ್ಳಿಯ ಪದಕ. ಉತ್ತರದ ಹಿಮನಾಡಿನ ಗುಡುಗಿನ ದೇವರಾದ ಥಾರ್‌ನ ಆಯುಧ.

ಮಾಡಿದವಳು ನನ್ನ ಅಣ್ಣನ ಮಗಳು ಚೈತ್ರ. ನಾಗಮಂಗಲದ ಆಚಾರ್ಯರೊಬ್ಬರ ಕುಲುಮೆಯಲ್ಲಿ ಎರಡು ವರ್ಷ ತಿದಿಯೊತ್ತಿ, ಕಸ ಗುಡಿಸಿದವಳು. ಅಲ್ಲಿಯ ಪದ್ಧತಿ ಕಠಿಣ: ಶಿಷ್ಯರ ಮೊದಲ ಕೆಲಸವನ್ನು ಮನೆಯವರೊಬ್ಬರು ತಿಂಗಳು ಪೂರ್ತಿ ತೊಟ್ಟು ಬೆವರಬೇಕು, ಬಸ್ಸು ಹತ್ತಬೇಕು, ಮುದ್ದೆ ತೊಳಸಬೇಕು. ಬೆಸುಗೆ ನಿಂತು, ಕೆಲಸ ಒಪ್ಪಿಗೆಯಾದರೆ ಬೆಳ್ಳಿ ಬಡಿಯುವ ಅಡಿಗಲ್ಲಿನ ಮುಂದೆ ಶಿಷ್ಯೆಗೆ ಸ್ವಂತ ಜಾಗ; ಇಲ್ಲವಾದರೆ ಮನೆ.

"ಅತ್ತೆ, ನಿಮ್ಮಷ್ಟು ಶಿಸ್ತಾಗಿ ಇನ್ಯಾರೂ ಬೆವರಲ್ಲ," ಎಂದು ಚೈತ್ರ ನನ್ನನ್ನೇ ಆರಿಸಿದಳು.

ಗಂಜಾಮಿನವಳಾದ ನಾನು ಹೊಸ ಒಡವೆಯನ್ನು ನಿಮಿಷಾಂಬೆಯ ಪಾದಕ್ಕಿಡದೆ ತೊಡುವವಳಲ್ಲ. ಯಾವ ದೇವರದೆಂದು ಅರ್ಚಕರು ಕೇಳಿದರು. ಗುಡುಗಿನವನದು ಎಂದೆ. "ಹಾಗಾದರೆ ಇಂದ್ರನೇ ಬಿಡಿ," ಎಂದು ಕುಂಕುಮವಿಟ್ಟು ಕೊಟ್ಟರು. ಪಾಂಡವಪುರದ ಬಸ್ಸಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯಾದ ಕಂಡಕ್ಟರು ಮಾತ್ರ ಇಷ್ಟು ಉದಾರಿಯಾಗಿರಲಿಲ್ಲ: "ಮೇಡಮ್ಮೋರೆ, ಇಸ್ಕೂಲು ಬುಟ್ಟು ಗಾರೆ ಕೆಲ್ಸ ಇಡ್ಕಂಡ್ರಾ?" ಬಸ್ಸು ಪಾಂಡವಪುರ ಮುಟ್ಟುವವರೆಗೂ ನಗುತ್ತಿತ್ತು.

ಜೀವಮಾನವಿಡೀ ಕೆಂಪು ಶಾಯಿಯಲ್ಲಿ ತಿದ್ದಿದ ನನ್ನ ಕಣ್ಣಿಗೆ ಪದಕದ ಒಂದು ದೋಷ ಚುಚ್ಚುತ್ತಲೇ ಇತ್ತು. ಸುತ್ತಿಗೆಯ ಹಿಡಿ ಮೋಟು. ಕೇಳಿದಾಗ ಚೈತ್ರ ಆ ಸುತ್ತಿಗೆಯ ಕಥೆ ಹೇಳಿದಳು. ಕೇಳಿ, ಅಂದು ನಾನು ಪದಕವನ್ನು ಕಳಚದೆಯೇ ಮಲಗಿದೆ.

ತಿಂಗಳು ತುಂಬಿದ ದಿನ ಚೈತ್ರಳೊಡನೆ ಕುಲುಮೆಗೆ ಹೋದೆ. ಆಚಾರ್ಯರು ಪದಕವನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ಬೆಸುಗೆ ಅಲುಗಲಿಲ್ಲ. ಆದರೆ ಹುಬ್ಬು ಗಂಟಾಯಿತು. "ಇದೇನವ್ವಾ, ಸುತ್ಗೆ ಇಡಿ ಮೋಟಾಗದಲ್ಲ? ಅಳ್ತೆ ತಪ್ಪಿದ್ದು ಕೆಲ್ಸ ಅಲ್ಲ."

ಚೈತ್ರ ನನ್ನತ್ತ ನೋಡಿದಳು. ನಾನೇ ಹೇಳಿದೆ: ಆ ಸುತ್ತಿಗೆಯನ್ನು ಮಾಡಿದವರು ಇಬ್ಬರು ಕುಳ್ಳ ಕಮ್ಮಾರ ಅಣ್ಣತಮ್ಮಂದಿರು. ತಿದಿ ನಿಲ್ಲಕೂಡದೆಂದು ಒಬ್ಬ ಇನ್ನೊಬ್ಬನಿಗೆ ವಿಧಿಸಿದ್ದ. ಕಿಡಿಗೇಡಿ ದೇವತೆಯೊಬ್ಬ ನೊಣವಾಗಿ ಬಂದು, ತಿದಿಯೊತ್ತುವವನ ರೆಪ್ಪೆಯನ್ನು ಕಚ್ಚಿದ. ರಕ್ತ ಕಣ್ಣಿಗಿಳಿಯಿತು. ಒರಸಲು ಅವನು ಒಂದೇ ಕ್ಷಣ ಕೈಯೆತ್ತಿದ. ಹಿಡಿ ಅಷ್ಟಕ್ಕೇ ಮೋಟಾಯಿತು. ಆದರೂ ದೇವತೆಗಳೆಲ್ಲ ಕೂಡಿ, ತಮ್ಮ ಒಡವೆ ಆಯುಧಗಳಲ್ಲೆಲ್ಲ ಅದೇ ಶ್ರೇಷ್ಠವೆಂದರು.

ಆಚಾರ್ಯರು ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು. ಮಣಿಕಟ್ಟಿನಿಂದ ಮೊಣಕೈವರೆಗೆ ಹಳೆಯ ಸುಟ್ಟ ಕಲೆಗಳು.

"ರಕ್ತ ಇಳಿಯಗಂಟ ಕೈ ಬುಡ್ಲಿಲ್ವಾ?"

"ಬಿಡಲಿಲ್ಲವಂತೆ."

"ಅವ್ನು ಕೆಲ್ಸಗಾರ ಕಣವ್ವ," ಎಂದರು, ಪಕ್ಕದ ಬೀದಿಯವನನ್ನು ಹೊಗಳುವಂತೆ. ಪದಕವನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಅಡಿಗಲ್ಲಿನ ಮುಂದಿನ ಚಾಪೆಯನ್ನು ಸ್ವಲ್ಪ ಸರಿಸಿ, "ಕುಂತ್ಕೊ ಮಗಾ," ಎಂದರು ಚೈತ್ರಳಿಗೆ. ಅವಳು ಕುಳಿತ ರೀತಿಯನ್ನು ವರ್ಣಿಸಲು ನನ್ನ ಬಳಿ ವಿಶೇಷಣಗಳಿಲ್ಲ.

ಹೊರಡುವಾಗ ಅವರು ಮೆಲ್ಲಗೆ ಕೇಳಿದರು: "ಆ ಅಣ್ತಮ್ಮಂದ್ರು ಯಾವೂರೋರು ತಾಯಿ? ಈಗ್ಲೂ ಬದ್ಕವ್ರಾ?"

ಪುರಾಣಕ್ಕೂ ಇತಿಹಾಸಕ್ಕೂ ಇರುವ ವ್ಯತ್ಯಾಸವನ್ನು ಇಪ್ಪತ್ತಾರು ವರ್ಷ ಪಾಠ ಮಾಡಿದವಳು ನಾನು. ಕೆಂಪಗೆ ಉರಿಯುತ್ತಿದ್ದ ಕುಲುಮೆಯನ್ನೊಮ್ಮೆ ನೋಡಿ, "ಇದ್ದಾರೆ," ಎಂದೆ.