ಪೆರಾಲ್ಬ್ ಕೋಟೆಯ ಗೋಡೆಗೆ ಹಾಕಿದ ಸಾಕ್ಷಿ

ಮದುವೆಯ ದಿನ ಸೊಲಾಂಜ್ ಗಂಡನ ಮುಖಕ್ಕಿಂತ ಗೋಡೆಯನ್ನು ನೋಡಿದ್ದೇ ಹೆಚ್ಚು ಎಂದು ಪೆರಾಲ್ಬಿನ ಜನ ಇವತ್ತಿಗೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳುವವರಿಗೇನು, ಅವರ ಮನೆಗಳೆಲ್ಲ ಗುಡ್ಡದ ಕೆಳಗಿವೆ. ಅವಳ ಗಂಡ ಅನ್ಸೆಲ್ಮನ ಮನೆ ಇದ್ದದ್ದು ಗುಡ್ಡದ ನೆತ್ತಿಯ ಮೇಲೆ, ಪಾಳುಬಿದ್ದ ಕೋಟೆಯ ದೊಡ್ಡ ಗೋಪುರಕ್ಕೆ ಬೆನ್ನು ಕೊಟ್ಟು. ಅಡುಗೆಮನೆಯ ಹಿಂಗೋಡೆಯೇ ಕೋಟೆಯ ಗೋಡೆ. ಒಲೆಯ ಮುಂದೆ ನಿಂತು ಸೂಪು ತಿರುವುವವಳ ತಲೆಯ ಮೇಲೆ ಹತ್ತಾಳೆತ್ತರ ಕಲ್ಲು, ಕಲ್ಲಿನ ಮೇಲೆ ಐವಿ ಬಳ್ಳಿ, ಬಳ್ಳಿಯ ಮೇಲೆ ಕಾಗೆಗಳ ಗಲಾಟೆ. ಅಂಥ ಮನೆಗೆ ಸೊಸೆಯಾಗಿ ಬಂದ ಹುಡುಗಿ ಹೆದರದೆ ಇನ್ನೇನು ಹಾಡು ಹೇಳಬೇಕಿತ್ತೇ?

ಹಾಗೆ ನೋಡಿದರೆ ಹೆದರಿಕೆ ಆಕೆಗೆ ಹುಟ್ಟಿನಿಂದ ಬಂದದ್ದು. ಗುಡುಗಿಗೆ ಹೆದರಿಕೆ, ಬಾವಿಗೆ ಹೆದರಿಕೆ, ಪಾದ್ರಿ ನರಕದ ಮಾತೆತ್ತಿದರೆ ಮುಂದಿನ ಸಾಲಿನಿಂದ ಎದ್ದು ಹಿಂದಕ್ಕೆ ಹೋಗಿ ಕೂರುವಷ್ಟು ಹೆದರಿಕೆ. ಊರವರು ಅವಳಿಗೆ ಮೊಲ ಎಂದೇ ಹೆಸರಿಟ್ಟಿದ್ದರು. "ಏನೇ ಮೊಲ, ಗೋಪುರ ಇನ್ನೂ ನಿಂತಿದೆಯಾ?" ಎಂದು ಕೆಳಗಿನ ಮನೆಯ ಫಿಲೋಮೆನ್ ದಿನಾ ಬೆಳಿಗ್ಗೆ ಕೂಗಿ ಕೇಳುತ್ತಿದ್ದಳು. "ನಿಂತಿದೆ, ನಿನ್ನ ಬಾಯಿ ಅದನ್ನ ಬೀಳಿಸದಿದ್ದರೆ ಸಾಕು," ಎಂದು ಸೊಲಾಂಜ್ ಉತ್ತರ ಕೊಡುತ್ತಿದ್ದಳು. ಪುಕ್ಕಲಿಯಾದರೂ ನಾಲಿಗೆಗೇನೂ ಕಡಿಮೆ ಇರಲಿಲ್ಲ.

ವಿಧಿಯ ಕುಚೋದ್ಯ ನೋಡಿ, ಕೋಟೆಯ ಬೀಗದ ಕೈ ಇಂಥವಳ ಪಾಲಿಗೇ ಬಂತು. ಗೋಡೆಗೆ ಅಂಟಿಕೊಂಡ ಮನೆಯವರೇ ಕೀಲಿ ಇಟ್ಟುಕೊಳ್ಳುವುದು ನಮ್ಮಲ್ಲಿ ಲಾಗಾಯ್ತಿನಿಂದ ನಡೆದುಬಂದ ವಾಡಿಕೆ. ಅತ್ತೆ ತೀರಿಕೊಂಡ ಮೇಲೆ ಮೊಳದುದ್ದದ ಆ ಕಬ್ಬಿಣದ ಕೀಲಿಯನ್ನು ಸೊಲಾಂಜ್ ಸೊಂಟಕ್ಕೆ ಕಟ್ಟಿಕೊಂಡಳು. ಬೇಸಿಗೆಯಲ್ಲಿ ಪ್ಯಾರಿಸ್ಸಿನಿಂದ, ಇಂಗ್ಲೆಂಡಿನಿಂದ ಬಂದವರನ್ನು ಒಳಗೆ ಕರೆದುಕೊಂಡು ಹೋಗಿ ಕತೆ ಹೇಳುವುದು ಅವಳ ಕೆಲಸ. ಮುತ್ತಿಗೆ ಹಾಕಿದ ಸೈನ್ಯ ಕಾಯಿಸಿದ ಮರಳನ್ನು ಮೈಮೇಲೆ ಸುರಿಸಿಕೊಂಡ ಜಾಗ, ಸೆರೆಯಾಳುಗಳನ್ನು ಹಗ್ಗ ಕಟ್ಟಿ ಇಳಿಸುತ್ತಿದ್ದ ಬಾಯಿ ಕಿರಿದಾದ ಗುಂಡಿ, ಹಸಿವು ತಾಳದೆ ಕುದುರೆ ಚರ್ಮ ಬೇಯಿಸಿ ತಿಂದವರ ಕೋಣೆ, ಎಲ್ಲವನ್ನೂ ಅವಳು ಪಿಸುದನಿಯಲ್ಲಿ, ಒಂದು ಕಣ್ಣು ಮೇಲಿನ ಕಮಾನಿನ ಮೇಲಿಟ್ಟುಕೊಂಡೇ ಹೇಳುತ್ತಿದ್ದಳು. ಬಂದವರು ಇದನ್ನು ನಟನೆ ಎಂದುಕೊಂಡು ಚಪ್ಪಾಳೆ ತಟ್ಟುತ್ತಿದ್ದರು. ಅವಳ ಅಂಗೈ ಬೆವರುತ್ತಿದ್ದುದು ಯಾರಿಗೂ ಕಾಣುತ್ತಿರಲಿಲ್ಲ.

ಒಂದು ಕತೆಯನ್ನು ಮಾತ್ರ ಅವಳು ಗಟ್ಟಿಯಾಗಿ ಹೇಳುತ್ತಿದ್ದಳು. ಈ ಕೋಟೆಯನ್ನು ಕೆಡವಿದ್ದು ಇಂಗ್ಲಿಷರಲ್ಲ, ಸಿಡಿಲಲ್ಲ, ನಮ್ಮೂರ ಅಜ್ಜಂದಿರು. ಕ್ರಾಂತಿಯಾಗಿ ದೊರೆ ಓಡಿಹೋದ ಮರುವಾರವೇ ಜನ ಕೈಗಾಡಿ ತಳ್ಳಿಕೊಂಡು ಬಂದರು. ಕತ್ತರಿಸಿದ ಕಲ್ಲು ಪುಕ್ಕಟೆ ಸಿಗುವಾಗ ಬಿಡುವವರು ಯಾರು? ಬೇಕರಿಯ ಒಲೆ, ಶಾಲೆಯ ಮೆಟ್ಟಿಲು, ಫಿಲೋಮೆನಳ ಹಂದಿ ಗೂಡು, ಎಲ್ಲವೂ ಕೋಟೆಯ ಕಲ್ಲೇ. ಆ ಹಂದಿ ಗೂಡಿನ ಬಾಗಿಲ ಮೇಲೆ ಈಗಲೂ ದೊರೆಯ ಲಾಂಛನದ ಕಲ್ಲುಸಿಂಹ ನಾಲಿಗೆ ಚಾಚಿಕೊಂಡಿದೆ. ಮೇಲೆ ಹತ್ತುವ ಕಷ್ಟ ಯಾರಿಗೆ ಬೇಕು ಎಂದು ಎಲ್ಲರೂ ಬುಡದ ಕಲ್ಲನ್ನೇ ಕಿತ್ತರು. ಅನ್ಸೆಲ್ಮನ ಮುತ್ತಜ್ಜ ಅಂತೂ ಗೋಪುರದ ಪಾದದಿಂದಲೇ ಕಲ್ಲು ತೆಗೆದು, ಅದೇ ಗೋಪುರಕ್ಕೆ ಒರಗಿಸಿ ಮನೆ ಕಟ್ಟಿದ. ಕೂತ ಕೊಂಬೆಯನ್ನೇ ಕಡಿಯುವುದೆಂದರೆ ಇದೇ. ಹೊರಮೈ ಕಲ್ಲು ಹೋದ ಮೇಲೆ ಗೋಪುರ ನಿಂತದ್ದು ಒಳಗಿನ ಜಲ್ಲಿ ಮತ್ತು ಸುಣ್ಣದ ಮೇಲೆ.

ಅನ್ಸೆಲ್ಮ್ ಗಾರೆ ಕೆಲಸದವನು. ಭುಜ ಅಗಲ, ಮಾತು ಕಡಿಮೆ. ಹೆಂಡತಿ ಹೆದರಿದಾಗಲೆಲ್ಲ ಅವನದು ಒಂದೇ ಮಂತ್ರ: "ಏನೂ ಆಗಲ್ಲ ಕಣೇ." ಹೋದ ಶರತ್ಕಾಲದಲ್ಲಿ ಮಾತ್ರ ಆ ಮಂತ್ರ ಫಲಿಸಲಿಲ್ಲ. ಮುಷ್ಟಿ ಗಾತ್ರದ ಕಲ್ಲೊಂದು ಮೇಲಿನಿಂದ ಉರುಳಿ ಕೋಳಿಗೂಡಿನ ಹೆಂಚು ಒಡೆಯಿತು. ನೋಡಿದರೆ ಗೋಪುರದಲ್ಲಿ ಉದ್ದನೆಯ ಬಿರುಕು. ಸೊಲಾಂಜ್ ಅವತ್ತೇ ಪೆಟ್ಟಿಗೆ ಕಟ್ಟಿದಳು. "ನಾನು ಪೇಟೆಗೆ ತಂಗಿ ಮನೆಗೆ ಹೋಗ್ತೀನಿ. ನೀನು ಬಂದರೆ ಬಾ, ಇಲ್ಲಾಂದ್ರೆ ನಿನ್ನ ಗೋಡೇನ ತಬ್ಕೊಂಡು ಮಲ್ಕೋ."

"ತಡಿ ಮಾರಾಯ್ತಿ. ಗೋಡೆಗೆ ಒಂದು ಸಾಕ್ಷಿ ಹಾಕ್ತೀನಿ. ಅದೇ ಹೇಳಲಿ."

ಸಾಕ್ಷಿ ಎಂದರೆ ಬಿರುಕಿನ ಮೇಲೆ ಅಡ್ಡಲಾಗಿ ಬಳಿಯುವ ಬಿಳಿ ಗಾರೆಯ ತೆಳು ಪಟ್ಟಿ. ಒಣಗುವ ಮುಂಚೆ ಮೊಳೆಯಿಂದ ತಿಂಗಳು, ವರ್ಷ ಗೀರುತ್ತಾರೆ. ಗಾರೆ ಬಗ್ಗುವುದಿಲ್ಲ, ಹಿಗ್ಗುವುದಿಲ್ಲ. ಗೋಡೆ ಕೂದಲೆಳೆಯಷ್ಟು ಕದಲಿದರೂ ಪಟ್ಟಿ ಒಡೆಯುತ್ತದೆ. ಅನ್ಸೆಲ್ಮ್ ಪಟ್ಟಿ ಹಾಕಿ, "ನವೆಂಬರ್" ಎಂದು ವರ್ಷದ ಸಮೇತ ಗೀರಿ, ಹೆಂಡತಿಗೆ ತೋರಿಸಿದ. "ಇದು ಒಡೆದರೆ ನನ್ನ ಕೇಳಬೇಡ, ಹೊರಡು. ಒಡೀದೆ ಇದ್ದರೆ ಮಾತ್ರ ನನ್ನ ತಲೆ ತಿನ್ನಬೇಡ."

"ಒಡೆದ ದಿನ ಸಂಜೆಯೊಳಗೆ ನಾನಿಲ್ಲಿ ಇರಲ್ಲ, ನೆನಪಿಟ್ಕೋ."

ದಿನಾ ಬೆಳಿಗ್ಗೆ ಎದ್ದವಳೇ ಶಾಲು ಹೊದ್ದು ಹಿತ್ತಿಲಿಗೆ ಹೋಗಿ ನೋಡುತ್ತಿದ್ದಳು. ಪಟ್ಟಿ ಇಡಿಯಾಗಿತ್ತು. ಕ್ರಿಸ್‌ಮಸ್ ಬಂತು, ಹಿಮ ಬಿತ್ತು, ಮಂಜುಗಟ್ಟಿತು, ಪಟ್ಟಿ ಇಡಿಯಾಗೇ ಇತ್ತು. ಸೊಲಾಂಜಳಿಗೆ ಮೊದಲ ಸಲ ಕಣ್ತುಂಬ ನಿದ್ದೆ ಹತ್ತಿತು. ಮೈ ಕೈ ತುಂಬಿಕೊಂಡಳು. ಬಟ್ಟೆ ಒಗೆಯುವಾಗ ಹಾಡಿದಳಂತೆ. ಫಿಲೋಮೆನ್ ಅದನ್ನು ಊರಿಗೆಲ್ಲ ಸಾರಿದಳು: "ಮೊಲ ಹಾಡ್ತಿದೆ ಕಣ್ರೋ, ಲೋಕ ಮುಳುಗುತ್ತೆ."

ಫೆಬ್ರವರಿಯಲ್ಲಿ ಬೆಚ್ಚನೆ ಗಾಳಿ ಬೀಸಿ ಹಿಮ ಕರಗಿತು. ಆ ಬೆಳಿಗ್ಗೆಯೂ ಸೊಲಾಂಜ್ ಪಟ್ಟಿ ನೋಡಿ, ಸಮಾಧಾನದ ಉಸಿರು ಬಿಟ್ಟು, ಕೋಳಿಗಳಿಗೆ ಕಾಳು ಚೆಲ್ಲಿದಳು. ಒಂದು ಕೆಂಪು ಕೋಳಿ ಮೊಟ್ಟೆ ಇಡಲು ಕಳ್ಳ ಜಾಗ ಹುಡುಕಿಕೊಂಡಿತ್ತು. ಅದರ ಹಿಂದೆ ಹೋಗಿ, ಗೋಪುರದ ಬುಡದಲ್ಲಿ ಒಣಗಿ ನಿಂತ ತುರಿಕೆ ಗಿಡಗಳ ನಡುವೆ ಬಗ್ಗಿ ಕೈಯಾಡಿಸಿದಳು. ಮೊಟ್ಟೆ ಸಿಗಲಿಲ್ಲ. ಬಿಳಿಯದೊಂದು ಚೂರು ಸಿಕ್ಕಿತು. ತಿರುಗಿಸಿ ನೋಡಿದರೆ ಗಾರೆ, ಅದರ ಮೇಲೆ ಮೊಳೆಯಲ್ಲಿ ಗೀರಿದ "ನವೆಂ".

ಒಮ್ಮೆಗೇ ಅವಳಿಗೆ ಅರ್ಥವಾಗಲಿಲ್ಲ. ಪಟ್ಟಿ ಮೇಲಿದೆಯಲ್ಲ, ಈಗ ತಾನೇ ನೋಡಿದ್ದೇನಲ್ಲ ಎಂದು ತಲೆಯೆತ್ತಿದಳು. ಇತ್ತು, ಇಡಿಯಾಗಿ, ನವೆಂಬರ್ ಸಮೇತ. ಮತ್ತೆ ಗಿಡ ಸರಿಸಿದಳು. ಇನ್ನೊಂದು ಚೂರು. ಅದರ ಕೆಳಗೆ ಮತ್ತೊಂದು. ಒಂದಲ್ಲ, ಎರಡಲ್ಲ, ಮಡಿಲು ತುಂಬುವಷ್ಟು. ಎಲ್ಲದರ ಮೇಲೂ ಗಂಡನದೇ ಅಕ್ಷರ, ಅದೇ ತಿಂಗಳು, ಅದೇ ವರ್ಷ. ಒಡೆದಾಗಲೆಲ್ಲ ಅವನು ಹೊಸ ಪಟ್ಟಿ ಬಳಿದು ಹಳೇ ತಾರೀಖು ಬರೆದಿದ್ದ. ಚಳಿಗಾಲ ಪೂರ್ತಿ ಗೋಡೆ ನಡೆಯುತ್ತಿತ್ತು, ಅವಳು ಅದರಡಿ ಗೊರಕೆ ಹೊಡೆಯುತ್ತಿದ್ದಳು.

ಓಡಿಹೋಗಬೇಕು ಅನಿಸಿತು, ಮಡಿಲಿನ ಚೂರುಗಳನ್ನು ಅಲ್ಲೇ ಸುರಿದು ಇಳಿಜಾರಿನಲ್ಲಿ ಓಡಿ ಫಿಲೋಮೆನಳ ಮನೆ ಬಾಗಿಲು ಬಡಿಯಬೇಕು ಅನಿಸಿತು. ಆಗ ಅವಳಿಗೆ ಕೇಳಿಸಿತು: ಗೋಡೆಯ ಒಳಗಿನಿಂದ, ಬಟಾಣಿ ಕಾಳು ಮೊರದಿಂದ ಸುರಿದ ಹಾಗೆ ಸಣ್ಣ ಸದ್ದು. ಮೇಲೆ ನೋಡಿದಳು. ಬಳ್ಳಿಯಲ್ಲಿ ಒಂದು ಕಾಗೆಯೂ ಇರಲಿಲ್ಲ.

ಅನ್ಸೆಲ್ಮ್ ನೆಲಮಾಳಿಗೆಯಲ್ಲಿದ್ದ. ಹಂದಿ ತೊಡೆ ಇಳಿಸಿಕೊಂಡು ಬರ್ತೀನಿ ಎಂದು ಹೋದವನು ಇನ್ನೂ ಬಂದಿರಲಿಲ್ಲ. ಆ ನೆಲಮಾಳಿಗೆ ಗೋಪುರದ ಅಡಿಯಲ್ಲೇ ಇತ್ತು, ದೊರೆಯ ಕಾಲದ ಕಮಾನಿನ ಕೋಣೆ. ಮದುವೆಯಾದಾಗಿನಿಂದ ಸೊಲಾಂಜ್ ಅದರ ಹೊಸ್ತಿಲು ದಾಟಿದವಳಲ್ಲ. ವೈನು, ಗೆಡ್ಡೆ, ಮಾಂಸ, ಏನು ಬೇಕಾದರೂ ಗಂಡನೇ ತಂದುಕೊಡಬೇಕು.

ಬಾಗಿಲಲ್ಲಿ ನಿಂತು ಕೂಗಿದಳು. "ಅನ್ಸೆಲ್ಮ್! ಹೊರಗೆ ಬಾ!"

"ಬಂದೆ, ಬಂದೆ. ನೀನು ಮನೆಗೆ ನಡಿ."

"ಈಗಲೇ ಬಾ. ಗೋಡೆ ಮಾತಾಡ್ತಿದೆ."

"ಏನೂ ಆಗಲ್ಲ ಕಣೇ."

ಗೋಡೆ ಹಿಡಿದುಕೊಂಡರೆ ಗೋಡೆ ಬಿದ್ದೀತೆಂಬ ಭಯಕ್ಕೆ ಗಾಳಿ ಹಿಡಿದುಕೊಂಡು ಇಳಿದಳು. ಒಳಗೆ ಕಂದೀಲಿನ ಬೆಳಕಿತ್ತು. ಹಂದಿ ತೊಡೆ ಕೊಕ್ಕೆಯಲ್ಲೇ ತೂಗುತ್ತಿತ್ತು. ಅನ್ಸೆಲ್ಮ್ ಚೆಸ್ಟ್‌ನಟ್ ಮರದ ಕಂಬವೊಂದನ್ನು ಕಮಾನಿಗೆ ಆನಿಸಿ ಬೆಣೆ ಹೊಡೆಯುತ್ತಿದ್ದ. ಅದೊಂದೇ ಅಲ್ಲ. ಎಲ್ಲಿ ನೋಡಿದರೂ ಕಂಬ, ಕಾಡು ಬೆಳೆದ ಹಾಗೆ. ತಾನು ಹೆದರಿ ಕಾಲಿಡದ ಜಾಗದಲ್ಲಿ ಗಂಡ ಏನು ಮಾಡುತ್ತಿದ್ದ ಎಂದು ಅವಳು ಈಗ ಕಂಡಳು.

ಅವಳು ಮಡಿಲು ಬಿಚ್ಚಿದಳು. ಗಾರೆಯ ಚೂರುಗಳು ನೆಲಕ್ಕೆ ಬಿದ್ದವು. ಅನ್ಸೆಲ್ಮ್ ಅವನ್ನು ನೋಡಿದ, ಹೆಂಡತಿಯನ್ನು ನೋಡಿದ, ಸುತ್ತಿಗೆ ಕೆಳಗಿಡಲಿಲ್ಲ.

"ಇನ್ನೊಂದು ಕಂಬ ಕೊಟ್ಟರೆ ನಿಲ್ಲುತ್ತೆ. ನೀನು ಹೋಗು."

"ನೀನು?"

"ನಮ್ಮಪ್ಪ ಹುಟ್ಟಿದ ಮನೆ ಇದು. ಬಿಟ್ಟು ಎಲ್ಲಿಗೆ ಹೋಗ್ಲಿ? ನಿನ್ನ ತಂಗಿ ಮನೆ ಮೂಲೆಯಲ್ಲಿ ಕೂತು ಏನ್ಮಾಡ್ಲಿ? ಹೋಗು ಸೊಲಾಂಜ್, ಹೇಳಿದ್ದು ಕೇಳು."

ಮೇಲಿನಿಂದ ಅವಳ ತಲೆವಸ್ತ್ರದ ಮೇಲೆ ಸುಣ್ಣದ ಪುಡಿ ಉದುರಿತು. ಸೊಲಾಂಜಳಿಗೆ ಅಳು ಬಂತು. ಅತ್ತುಕೊಂಡೇ ಅವಳು ನೆಲದ ಮೇಲೆ, ಕಂಬಗಳ ನಡುವೆ, ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟಳು.

"ಏನೇ ಇದು? ಎದ್ದೇಳು!"

"ಏಳಲ್ಲ. ನೀನಿರೋ ತನಕ ನಾನೂ ಇರ್ತೀನಿ."

"ಹುಚ್ಚು ಹಿಡೀತಾ ನಿನಗೆ? ಇದು ಬೀಳುತ್ತೆ ಕಣೇ!"

"ಗೊತ್ತು. ನನಗೆ ಉಚ್ಚೆ ಹೋಗೋಷ್ಟು ಹೆದರಿಕೆ ಆಗ್ತಿದೆ. ಆದರೂ ಏಳಲ್ಲ."

ಬೀಳುತ್ತೆ ಎಂಬ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಮೂಲೆಯ ಕಂಬವೊಂದು ಕಿರುಗುಟ್ಟಿ ಉದ್ದಕ್ಕೆ ಸೀಳಿತು. ಅನ್ಸೆಲ್ಮ್ ಸುತ್ತಿಗೆ ಎಸೆದು, ಹೆಂಡತಿಯ ರಟ್ಟೆ ಹಿಡಿದೆತ್ತಿ, ಅರ್ಧ ಹೊತ್ತು ಅರ್ಧ ಎಳೆದು ಮೆಟ್ಟಿಲು ಹತ್ತಿಸಿದ. ಇಬ್ಬರೂ ಅಂಗಳ ದಾಟಿ ಇಳಿಜಾರಿನಲ್ಲಿ ಓಡಿದರು. ದನ ನೀರು ಕುಡಿಯುವ ತೊಟ್ಟಿಯ ಹತ್ತಿರ ಬರುವಷ್ಟರಲ್ಲಿ ಬೆನ್ನ ಹಿಂದೆ ನೆಲ ನಡುಗಿತು. ತಿರುಗಿ ನೋಡಿದರೆ ಧೂಳು. ಧೂಳು ಇಳಿದ ಮೇಲೆ ಗೋಪುರದ ಒಂದು ಪಾರ್ಶ್ವವಿಲ್ಲ, ಅಡುಗೆಮನೆ ಇಲ್ಲ, ಅವರು ಮಲಗುತ್ತಿದ್ದ ಕೋಣೆಯೂ ಇಲ್ಲ.

ಊರೆಲ್ಲ ಸೇರಿತು. ಮೇಯರ್ ಬಂದು ಅನ್ಸೆಲ್ಮನ ಬೆನ್ನು ತಟ್ಟಿದರು. "ಸಾಕ್ಷಿ ಹಾಕಿದ್ದು ಒಳ್ಳೇದಾಯ್ತಪ್ಪ, ಅದೇ ನಿಮ್ಮ ಜೀವ ಉಳಿಸ್ತು." ಅನ್ಸೆಲ್ಮ್ ನೆಲ ನೋಡಿದ. ಸೊಲಾಂಜ್ ತಲೆವಸ್ತ್ರದ ಸುಣ್ಣ ಕೊಡವಿಕೊಂಡಳು. ಫಿಲೋಮೆನ್ ಇಬ್ಬರನ್ನೂ ತನ್ನ ಮನೆಗೆ ಕರೆದೊಯ್ದು ಎಲೆಕೋಸಿನ ಸೂಪು ಬಡಿಸಿ, ಒಲೆಯ ಕಡೆ ತಿರುಗಿ ನಿಂತಳು.

"ಯಾವಾಗ ಒಡೀತು ಮೊದಲನೇದು?" ಸೊಲಾಂಜ್ ಕೇಳಿದಳು.

"ಕ್ರಿಸ್‌ಮಸ್ಸಿಗೆ ಮುಂಚೆ. ನೀನು ಏಳೋ ಮುಂಚೆ ನೋಡಿದೆ. ಹೊಸದು ಬಳಿದೆ. ಒಂದು ವಾರದಲ್ಲಿ ಕಂಬ ಕೊಟ್ಟು ನಿಲ್ಲಿಸ್ತೀನಿ ಅಂದ್ಕೊಂಡೆ."

"ನನ್ನ ಸಾಯಿಸ್ತಿದ್ದೆಯಲ್ಲೋ, ಪಾಪಿ."

"ಹೇಳಿದ್ದರೆ ನೀನು ಹೊರಟುಬಿಡ್ತಿದ್ದೆ. ಮನೆ ಬಿಡೋಕೆ ನನಗೆ ಆಗ್ತಿರಲಿಲ್ಲ." ಅವನು ಚಮಚ ಹಿಡಿಯಲು ಹೋದ, ಬಟ್ಟಲು ವಾಲಿ ಸೂಪು ಚೆಲ್ಲಿತು. "ಮತ್ತೆ... ನೀನು ನಿದ್ದೆ ಮಾಡ್ತಿದ್ದೆ. ನೀನು ಹಾಗೆ ಮಲಗಿದ್ದು ನಾನು ನೋಡೇ ಇರಲಿಲ್ಲ."

"ನೀನು ಮಲಗ್ತಿರಲಿಲ್ವಾ?"

"ಹೇಗೆ ಮಲಗ್ಲಿ? ಗೋಡೆಗೆ ಕಿವಿ ಕೊಟ್ಕೊಂಡು ಕೂತಿರ್ತಿದ್ದೆ. ಸದ್ದಾದರೆ ನಿನ್ನ ಎತ್ಕೊಂಡು ಓಡೋಣ ಅಂತ."

ಸೊಲಾಂಜ್ ಗಂಡನ ಮುಖ ನೋಡಿದಳು. ಕಣ್ಣ ಕೆಳಗೆ ಕಪ್ಪು, ಕೆನ್ನೆಯಲ್ಲಿ ಗುಳಿ. ಪಟ್ಟಿ ನೋಡುವ ಗಡಿಬಿಡಿಯಲ್ಲಿ ಇದನ್ನು ಅವಳು ನೋಡಿಯೇ ಇರಲಿಲ್ಲ. ಈ ಮನುಷ್ಯ ತನ್ನನ್ನು ಕೊಲ್ಲುವುದರಲ್ಲಿದ್ದ ಎಂಬ ಸಿಟ್ಟಿಗೆ ಅವಳ ಮೈ ಕುದಿಯಿತು. ಇವನು ಒಬ್ಬನೇ ಕತ್ತಲಲ್ಲಿ ಹೆದರಿ ಕೂತಿದ್ದನಲ್ಲ ಎಂದು ಮರುಕವೂ ಹುಟ್ಟಿತು. ಹೆದರಿಕೆ ಎಂದರೆ ಏನೆಂದು ಊರಿನಲ್ಲಿ ಅವಳಷ್ಟು ಬಲ್ಲವರು ಯಾರಿದ್ದರು? ಪಕ್ಕದಲ್ಲೇ ಇದ್ದವನ ಹೆದರಿಕೆ ಅವಳಿಗೇ ಗೊತ್ತಾಗಿರಲಿಲ್ಲ.

ಬೈಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅನ್ಸೆಲ್ಮನ ತಲೆ ವಾಲಿತು. ರೊಟ್ಟಿಯ ಪಕ್ಕ, ಸೂಪು ಚೆಲ್ಲಿದ ಮೇಜಿನ ಮೇಲೆಯೇ ಕೆನ್ನೆಯಿಟ್ಟು, ನಡುಮಧ್ಯಾಹ್ನ, ಅವನು ನಿದ್ದೆಹೋದ.

"ಅಯ್ಯೋ, ಮೇಲೆ ಹಾಸಿಗೆ ಹಾಸಿದೀನಿ, ಎಬ್ಬಿಸ್ಲಾ?" ಎಂದಳು ಫಿಲೋಮೆನ್.

"ಮುಟ್ಟಬೇಡ," ಎಂದಳು ಸೊಲಾಂಜ್. "ಎದ್ದಮೇಲೆ ಬೈಯೋದು ಬೇಕಾದಷ್ಟಿದೆ. ಈಗ ಮಲಗ್ಲಿ, ನಾನು ಎದ್ದಿರ್ತೀನಿ."

ಅವಳು ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು. ಗುಡ್ಡದ ಮೇಲೆ ಇನ್ನೂ ಒಂದೊಂದು ಕಲ್ಲು ಉರುಳುತ್ತಿತ್ತು. ಪ್ರತಿ ಸದ್ದಿಗೂ ಅವಳು ಬೆಚ್ಚಿಬೀಳುತ್ತಿದ್ದಳು, ಅವನು ಏಳಲಿಲ್ಲ.