ಮದುವೆ ಕಾಗದದ ಅಕ್ಷರ

ಹೊಸ ಮಾದರಿಯ ಗ್ರೈಂಡರಿನ ಕೈಪಿಡಿಗೆ ಅಕ್ಷರ ಆರಿಸಲು ಕೂತಿದ್ದೇನೆ. ಕಂಪ್ಯೂಟರಿನಲ್ಲಿ ಫಾಂಟುಗಳ ಪಟ್ಟಿ ಬಿಚ್ಚಿದರೆ ಮುಗಿಯುವುದೇ ಇಲ್ಲ. ಸೀರೆ ಅಂಗಡಿಗೆ ಹೋದವರ ಹಾಗೆ ನಾನೂ ಎಲ್ಲವನ್ನೂ ಬಿಡಿಸಿ ನೋಡುವವನೇ. ಈ ಕೆಲಸದ ತೊಡಕು ನಿಮಗೆ ಗೊತ್ತಿರಲಿಕ್ಕಿಲ್ಲ. ಬರೆಯುವುದು ಒಂದೇ ಸಲ. ಅದೇ ಬರಹ ಪುಸ್ತಕವಾಗಿ ಯಂತ್ರದ ಜೊತೆ ಹೋಗಬೇಕು, ಮೊಬೈಲಿನಲ್ಲೂ ತೆರೆದುಕೊಳ್ಳಬೇಕು. ಅಕ್ಷರ ಎರಡೂ ಕಡೆ ಒಪ್ಪಬೇಕು.

ಪಟ್ಟಿಯಲ್ಲಿ ಬಳುಕುವ ಫಾಂಟೊಂದು ಕಂಡದ್ದೇ ಶೀನಣ್ಣ ನೆನಪಾದರು. ಬ್ರಹ್ಮಾವರದಲ್ಲಿ ಹೋಟೆಲುಗಳಿಗೆ ಗ್ರೈಂಡರ್ ಮಾಡಿಕೊಡುವವರು; ಈ ಹೊಸ ಮಾದರಿಯೂ ಅವರದೇ. ಎಳೆಯ ವಯಸ್ಸಿನಲ್ಲಿ ಮುಂಬೈಯ ಹೋಟೆಲೊಂದರಲ್ಲಿ ತಿರುಗುವ ಕಲ್ಲಿನ ಒಳಗೆ ಕೈಹಾಕಿ ತೋರುಬೆರಳಿನ ತುದಿ ಕಳೆದುಕೊಂಡವರು. ಕೈಪಿಡಿ ಬೇಕೆಂಬ ಹಟ ಹುಟ್ಟಿದ್ದು ಅಲ್ಲಿಂದಲೇ. ಯಂತ್ರ ಹೊರಡುವ ದಿನ ಅದಕ್ಕೆ ಕುಂಕುಮ ಹಚ್ಚಿ, ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ಲಾರಿ ಮರೆಯಾಗುವವರೆಗೆ ನಿಂತಿರುತ್ತಾರೆ. ಮೊದಲ ಕೈಪಿಡಿ ಮಾಡಿಸಲು ಕುಂದಾಪುರದ ನನ್ನ ಡಿಟಿಪಿ ಅಂಗಡಿಗೆ ಬಂದಾಗ ಮಾದರಿಗೆಂದು ತಂದದ್ದು ಮಗಳು ಸುಜಾತಳ ಮದುವೆ ಕಾಗದ.

“ಹ್ವಾಯ್, ಅಕ್ಷರ ಹೀಂಗೇ ಆಯ್ಕ್” ಅಂದರು.

ಮಾಡಿದೆ. ಪುಸ್ತಕದಲ್ಲಿ ಚೆಂದವೋ ಚೆಂದ; ನಾನೇ ಮಾಡಿದ್ದೆಂದು ನಾಲ್ಕು ಜನರಿಗೆ ತೋರಿಸಿಕೊಂಡೆ. ಮೊಬೈಲಿನಲ್ಲಿ ಮಾತ್ರ ಸಪೂರ ಗೆರೆಗಳೆಲ್ಲ ಮಾಯ, ಒತ್ತಕ್ಷರಗಳು ಕೆಳಗಿನ ಸಾಲಿನ ಮೇಲೆ ಏರಿ ಕೂತಿದ್ದವು. ಹೇಳಿದರೆ ಶೀನಣ್ಣ ಕೇಳುವ ಜನವಲ್ಲ. ಸುಮ್ಮನೆ ಮೊಬೈಲು ಅವರ ಕೈಗಿತ್ತು, ಕಲ್ಲು ತಿರುಗುವಾಗ ಕೈ ಹಾಕಬೇಡಿ ಎಂಬ ಸಾಲನ್ನು ಓದಿ ಅಂದೆ. ಹತ್ತಿರ ಹಿಡಿದರು, ದೂರ ಹಿಡಿದರು, ಕನ್ನಡಕ ಒರೆಸಿಕೊಂಡರು. ಆಮೇಲೆ ಮೊಬೈಲು ಮೇಜಿನ ಮೇಲಿಟ್ಟು ತುದಿಯಿಲ್ಲದ ಬೆರಳನ್ನು ಸವರಿಕೊಂಡರು.

“ನಂಗ್ ಆವತ್ತ್ ಯಾರೂ ಹೇಳ್ಲಿಲ್ಲ. ಹೇಳಿಯೂ ಕಾಂತಿಲ್ಲ ಅಂದ್ರೆ, ಹೇಳ್ದೇ ಇದ್ದಂಗೇ ಅಲ್ದಾ?”

ಹೀಗೆ ದಪ್ಪ, ನೇರ ಅಕ್ಷರ ಬಂತು. ನನಗದು ಸರಕಾರಿ ಬೋರ್ಡಿನಂತೆ ಕಂಡು ಒಳಗೊಳಗೇ ಮುನಿಸಿಕೊಂಡಿದ್ದೆ. ಅವರ ಮೇಲಿನ ಪ್ರೀತಿಗೆ ಮಾತ್ರ ಒಪ್ಪಿದ್ದು.

ಇವತ್ತೂ ನನ್ನ ಕೈ ಮೊದಲು ಹೋದದ್ದು ಆ ಬಳುಕುವ ಫಾಂಟಿನ ಮೇಲೇ. ಅಷ್ಟರಲ್ಲಿ ಸುಜಾತಳ ಫೋನು. ಬೈಂದೂರಿನಲ್ಲಿ ಅವಳದೇ ಸಣ್ಣ ಹೋಟೆಲಿದೆ, ಅಪ್ಪನದೇ ಗ್ರೈಂಡರ್. ಬೆಳಿಗ್ಗೆ ಕಲ್ಲಿನ ಸಂದಿಗೆ ಚಮಚ ಬಿತ್ತಂತೆ. ಹೊಸದಾಗಿ ಕೆಲಸಕ್ಕೆ ಸೇರಿದ ಹೆಂಗಸು ಕೈ ಹಾಕುವ ಮೊದಲು ಮೊಬೈಲಿನಲ್ಲಿ ಕೈಪಿಡಿ ತೆರೆದಳಂತೆ. ಓದಿ, ಸ್ವಿಚ್ ಆಫ್ ಮಾಡಿ, ಆಮೇಲೆ ಚಮಚ ತೆಗೆದಳಂತೆ.

“ಅಪ್ಪಯ್ಯಂಗ್ ಹೇಳ್ದೆ, ಅಣ್ಣಾ. ಮರ್ಕಿದ್ರ್” ಅಂದಳು.

ಶೀನಣ್ಣ ಅಳುವುದನ್ನು ನಾನು ಕಂಡವನಲ್ಲ. ಫೋನಿಟ್ಟು ಆ ದಪ್ಪ ಅಕ್ಷರವನ್ನೇ ಆರಿಸಿದೆ. ಈ ಸಲ ಅದು ನನಗೂ ಚೆಂದ ಕಂಡಿತು.