ಅವ್ವನ ಹೇಬಿಯಸ್ ಕಾರ್ಪಸ್ ಅರ್ಜಿ

ತಿಕೋಟಾದಲ್ಲಿ ನನ್ನ ತಮ್ಮ ಪಂಪ್‌ಸೆಟ್ಟಿನ ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ವೈಂಡಿಂಗ್ ಕೆಲಸ ಮಾಡುತ್ತಿದ್ದ. ದ್ರಾಕ್ಷಿ ತೋಟಗಳಲ್ಲಿ ಮೋಟಾರುಗಳ ಕಳವು ಹೆಚ್ಚಾಗಿದ್ದ ಕಾಲ. ಒಂದು ಮಧ್ಯಾಹ್ನ ಪೊಲೀಸರು ಅಂಗಡಿಗೆ ಬಂದು, ಏನೋ ಕೇಳುವುದಿದೆ ಎಂದು ಅವನನ್ನು ಜೀಪಿಗೆ ಹತ್ತಿಸಿಕೊಂಡು ಹೋದರು. ಸುದ್ದಿ ತಿಳಿದು ನಾನು ವಿಜಯಪುರದಿಂದ ಓಡಿ ಬಂದೆ. ಅವ್ವನನ್ನು ಕರೆದುಕೊಂಡು ಠಾಣೆಗೆ ಹೋದೆ.

"ನಿಮ್ಮ ಹುಡಗನ್ನ ನಾವು ತಂದಿಲ್ರಿ," ಎಂದ ಪೇದೆ, ಮೊಬೈಲಿನಿಂದ ಕಣ್ಣೆತ್ತದೆ.

ಅವ್ವ ವಾದಿಸಲಿಲ್ಲ. ಅಂಗಳಕ್ಕೆ ಇಳಿದು, ದೂರದ ಹೊಲದಲ್ಲಿದ್ದವನನ್ನು ಊಟಕ್ಕೆ ಕರೆಯುವ ಹಾಗೆ ತಮ್ಮನ ಹೆಸರು ಹಿಡಿದು ಕೂಗಿದಳು. ಹಿಂದಿನ ಕೋಣೆಯಿಂದ "ಯವ್ವಾ" ಎಂಬ ದನಿ ಬಂತು. ಪೇದೆಗೂ ಕೇಳಿಸಿತು. ಆಮೇಲೆ ನಮ್ಮನ್ನು ಗೇಟಿನಾಚೆ ದಬ್ಬಿದರು.

ದಿನಗಳು ಕಳೆದರೂ ಅವನನ್ನು ಬಿಡದಿದ್ದಾಗ, ನಾವು ಹಿಡಿದ ವಕೀಲರು ಅವ್ವನ ಹೆಸರಿನಲ್ಲಿ ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. "ಮನಷ್ಯಾನ್ನ ತಂದು ನಮ್ಮ ಮುಂದ ನಿಲ್ಲಸ್ರಿ ಅಂತ ಕೋರ್ಟು ಹುಕುಂ ಮಾಡತೈತಿ," ಎಂದು ಬಿಡಿಸಿ ಹೇಳಿದರು. ಅವ್ವನಿಗೆ ಆ ಮಾತು ಬಹಳ ಹಿಡಿಸಿತು. ಕಲಬುರಗಿಗೆ ಹೊರಡುವಾಗ ತಮ್ಮನ ಇಸ್ತ್ರಿ ಅಂಗಿಯೊಂದನ್ನು ಚೀಲದಲ್ಲಿ ಇಟ್ಟುಕೊಳ್ಳಲು ಆಗಲೇ ತೆಗೆದಿಟ್ಟಳು.

ನೋಟಿಸು ಮುಟ್ಟಿದ ಮರುದಿನವೇ ಪೊಲೀಸರು ತಮ್ಮನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು. ಅವರ ಕಾಗದದ ಪ್ರಕಾರ ಅಂದು ಬೆಳಿಗ್ಗೆಯಷ್ಟೇ ಬಬಲೇಶ್ವರದ ಹತ್ತಿರ, ಜೈನಾಪುರದ ರಸ್ತೆಯಲ್ಲಿ, ಕಳವಿನ ಮೋಟಾರಿನ ಸಮೇತ ಸಿಕ್ಕನಂತೆ. ಅವನನ್ನು ಜೈಲಿಗೆ ಕಳಿಸಿದರು.

ಹೈಕೋರ್ಟಿನ ವಿಚಾರಣೆ ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತೂ ನಡೆಯಲಿಲ್ಲ. ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಜೈಲಿನಲ್ಲಿರುವವನದು ಅಕ್ರಮ ಬಂಧನವಲ್ಲ, ಬೇಕಿದ್ದರೆ ಜಾಮೀನು ಕೇಳಿಕೊಳ್ಳಲಿ ಎಂದು ನ್ಯಾಯಮೂರ್ತಿಗಳು ಅರ್ಜಿಯನ್ನು ವಜಾ ಮಾಡಿದರು. ಇಂಗ್ಲಿಷಿನಲ್ಲಿ ಬರೆಸಿದ ಆ ಆದೇಶವನ್ನು ವಕೀಲರು ವರಾಂಡದಲ್ಲಿ ನಮಗೆ ತಿಳಿಸಿದರು.

"ಅದಕ್ಕಿಂತ ಮೊದಲ ಅಂವ ಎಲ್ಲಿದ್ದ ಅಂತ ಯಾರೂ ಕೇಳಲಿಲ್ಲೇನ್ರಿ?" ಎಂದಳು ಅವ್ವ.

"ಈ ಅರ್ಜಿಯೊಳಗ ಅದನ್ನ ಕೇಳಾಕ ಬರಂಗಿಲ್ರಿ. ಅದಕ್ಕ ಬ್ಯಾರೆ ಕೇಸ ಹಾಕಬೇಕು."

"ನಾನ ಕೇಳೇನಲ್ರಿ ಅವನ ದನಿ."

ವಕೀಲರು ಗಡಿಯಾರ ನೋಡಿಕೊಂಡರು.

ಎಷ್ಟೋ ತಿಂಗಳ ಮೇಲೆ ಜಾಮೀನು ಸಿಕ್ಕಿ ನನ್ನ ತಮ್ಮ ಮನೆಗೆ ಬಂದ. ಬಲಗೈ ಬೆರಳು ಮಡಚಲು ಬರುವುದಿಲ್ಲ, ತಾಮ್ರದ ತಂತಿ ಸುತ್ತಲಾಗುವುದಿಲ್ಲ. ಠಾಣೆಯಲ್ಲಿ ಏನಾಯಿತೆಂದು ಕೇಳಿದರೆ ಎದ್ದು ಹೋಗುತ್ತಾನೆ. ಬೇರೆ ಕೇಸು ಅವನಿಗೇ ಬೇಡವಾಯಿತು. ಕಳವಿನ ಕೇಸು ಮಾತ್ರ ಇನ್ನೂ ನಡೆದಿದೆ.

ವರ್ಷಗಟ್ಟಲೆ ನಮ್ಮಲ್ಲೇ ಮೋಟಾರು ಕಟ್ಟಿಸಿದ ಕಳ್ಳಕವಟಗಿಯ ರೈತರೊಬ್ಬರು ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಮರುಕದಿಂದಲೇ ಹೇಳಿದರು: "ಹೈಕೋರ್ಟ್ ಸೈತ ನಂಬಲಿಲ್ಲಂತಲ್ಲ ತಂಗಿ. ಏನರ ಇರಬೇಕು ಬಿಡು."

ಅರ್ಜಿ ಯಾಕೆ ವಜಾ ಆಯಿತೆಂದು ಅವರಿಗೆ ತಿಳಿಸಿ ಹೇಳುವಷ್ಟು ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ. ಬಸ್ಸು ಬಂತು, ಹತ್ತಿ ಕುಳಿತೆ.